ಎಕ್ಮೋ ಹಾಕಿದ್ರೆ ಉಳೀತಾರಾ? ಐಸಿಯು ಬಾಗಿಲ ಹೊರಗೆ ನಿಂತವರು ಪದೇ ಪದೇ ಕೇಳೋ ಪ್ರಶ್ನೆಗಳು

ಮನೇಲಿ ಒಬ್ರು ವೆಂಟಿಲೇಟರ್ ಮೇಲಿದ್ದಾಗ ಡಾಕ್ಟ್ರು ಹೊರಗೆ ಬಂದು "ಎಕ್ಮೋ ಹಾಕ್ಬೇಕಾಗಬಹುದು, ಬೇಗ ಯೋಚ್ನೆ ಮಾಡಿ ಹೇಳಿ" ಅಂತಾರೆ. ಯೋಚ್ನೆ ಮಾಡೋಕೆ ಅದು ಏನು ಅಂತಾನೇ ಗೊತ್ತಿರಲ್ಲ, ಗೂಗಲ್ ಮಾಡಿದ್ರೆ ಬರೋದೆಲ್ಲ ಇಂಗ್ಲಿಷಲ್ಲಿ, ಸಂಬಂಧಿಕರು ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಂಥವರಿಗೆ ಅಂತ ಇದನ್ನ ಬರೆದಿರೋದು. ನಿಮ್ಮ ಪೇಷೆಂಟ್ ವಿಷಯದಲ್ಲಿ ಕೊನೇ ಮಾತು ಅಲ್ಲಿರೋ ಡಾಕ್ಟ್ರದ್ದೇ, ಆದ್ರೆ ಅವರ ಹತ್ರ ಏನು ಕೇಳ್ಬೇಕು ಅನ್ನೋದಾದ್ರೂ ಇದರಿಂದ ಗೊತ್ತಾಗುತ್ತೆ.

ಎಕ್ಮೋ ಅಂದ್ರೆ ಏನು, ವೆಂಟಿಲೇಟರ್‌ಗೂ ಇದಕ್ಕೂ ಏನು ವ್ಯತ್ಯಾಸ?

ವೆಂಟಿಲೇಟರ್ ಗಾಳೀನ ಒತ್ತಡ ಕೊಟ್ಟು ಶ್ವಾಸಕೋಶದ ಒಳಗೆ ತಳ್ಳುತ್ತೆ, ಅಷ್ಟೇ. ಅಲ್ಲಿಂದ ಆಕ್ಸಿಜನ್ ರಕ್ತಕ್ಕೆ ಸೇರ್ಬೇಕು ಅಂದ್ರೆ ಆ ಕೆಲಸ ಶ್ವಾಸಕೋಶಾನೇ ಮಾಡ್ಬೇಕು. ನ್ಯುಮೋನಿಯಾ ಜೋರಾಗಿ ಅದರ ಒಳಗೆಲ್ಲ ನೀರು, ಕೀವು ತುಂಬ್ಕೊಂಡಿದ್ರೆ ಎಷ್ಟು ತಳ್ಳಿದ್ರೂ ಸ್ಯಾಚುರೇಷನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) ಏರಲ್ಲ, ಜಾಸ್ತಿ ತಳ್ಳಿದ್ರೆ ಇರೋ ಚೂರು ಚೆನ್ನಾಗಿರೋ ಭಾಗಾನೂ ಹಾಳಾಗುತ್ತೆ. ಎಕ್ಮೋದಲ್ಲಿ ಶ್ವಾಸಕೋಶವನ್ನ ಪಕ್ಕಕ್ಕಿಟ್ಟು ಆ ಕೆಲಸಾನ ಹೊರಗಡೆ ಮಾಡ್ತಾರೆ. ತೊಡೆ ಸಂದಿಯ ದೊಡ್ಡ ರಕ್ತನಾಳಕ್ಕೆ ಕಿರುಬೆರಳು ದಪ್ಪದ ಪೈಪ್ ಹಾಕಿ, ಪಂಪಿನಿಂದ ನಿಮಿಷಕ್ಕೆ 4-5 ಲೀಟರ್ ರಕ್ತ ಹೊರಗೆ ಎಳೆದು, ಕೃತಕ ಶ್ವಾಸಕೋಶ ಅನ್ನೋ ಡಬ್ಬಿ ಒಳಗೆ ಹಾಯಿಸಿ, ಕುತ್ತಿಗೆಯ ರಕ್ತನಾಳದ ಮೂಲಕ ವಾಪಸ್ ಬಿಡ್ತಾರೆ. ಡಬ್ಬಿ ಒಳಗೆ ಸಾವಿರಾರು ಸಣ್ಣ ಟೊಳ್ಳು ಎಳೆಗಳು ಇರ್ತವೆ, ಎಳೆ ಒಳಗೆ ಆಕ್ಸಿಜನ್ ಹರಿಯುತ್ತೆ, ಹೊರಗೆ ರಕ್ತ ಹರಿಯುತ್ತೆ, ಕಾರ್ಬನ್ ಡೈಆಕ್ಸೈಡ್ ಆಚೆ ಹೋಗಿ ಆಕ್ಸಿಜನ್ ಒಳಗೆ ಬರುತ್ತೆ. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್ ರಕ್ತ, ಅಂದ್ರೆ ಹೆಚ್ಚುಕಮ್ಮಿ ಅಷ್ಟೇ ರಕ್ತ ಪ್ರತಿ ನಿಮಿಷ ಹೊರಗೆ ಹೋಗಿ ಬರ್ತಿರುತ್ತೆ.

ಇದು ಶ್ವಾಸಕೋಶಕ್ಕೆ ಮಾತ್ರ ಸಪೋರ್ಟ್ ಕೊಡೋ ವಿವಿ ಎಕ್ಮೋ, ಅಂದ್ರೆ ರಕ್ತಾನ ಸಿರೆಯಿಂದ ತೆಗೆದು ಸಿರೆಗೇ ವಾಪಸ್ ಬಿಡೋದು. ಹಾರ್ಟೂ ಕೈಕೊಟ್ಟಿದ್ರೆ ವಿಎ ಅಂತ ಇನ್ನೊಂದು ಥರ ಇದೆ, ಅದರಲ್ಲಿ ರಕ್ತಾನ ಅಪಧಮನಿಗೆ ವಾಪಸ್ ಕೊಡ್ತಾರೆ. ಎರಡರ ಲೆಕ್ಕಾಚಾರ ಬೇರೆ ಬೇರೆ, ಇಲ್ಲಿ ಹೇಳ್ತಿರೋದು ಮುಖ್ಯವಾಗಿ ವಿವಿ ಬಗ್ಗೆ.

ಅಂದ್ರೆ ಇದು ಹಾಕಿದ್ರೆ ಶ್ವಾಸಕೋಶ ವಾಸಿ ಆಗುತ್ತಾ?

ಇಲ್ಲ. ಇದೊಂದು ವಿಷಯ ಸರಿಯಾಗಿ ತಲೆಗೆ ಹೋದ್ರೆ ಅರ್ಧ ಗೊಂದಲ ಕಮ್ಮಿ ಆಗುತ್ತೆ. ಮಲೆನಾಡಲ್ಲಿ ಮಳೆಗಾಲಕ್ಕೆ ಹಳ್ಳ ದಾಟೋಕೆ ಸಂಕ ಹಾಕ್ತಾರಲ್ಲ, ಇದೂ ಅದೇ, ಆ ಕಡೆ ದಡ ಇದ್ರೆ ಮಾತ್ರ ಉಪಯೋಗ. ದಡ ಅಂದ್ರೆ ಒಂದೋ ಶ್ವಾಸಕೋಶ ತಾನೇ ಚೇತರಿಸ್ಕೊಳ್ಬೇಕು, ಇಲ್ಲಾಂದ್ರೆ ಟ್ರಾನ್ಸ್‌ಪ್ಲಾಂಟ್ ಆಗ್ಬೇಕು. ಎರಡೂ ಆಗಲ್ಲ ಅನ್ನೋ ಪೇಷೆಂಟ್‌ಗೆ ಎಂಥ ಒಳ್ಳೆ ಮಷೀನ್ ತಂದು ಹಾಕಿದ್ರೂ ದಿನ ಮುಂದೂಡಬಹುದೇ ಹೊರತು ಬೇರೇನಿಲ್ಲ. ಹಾಗಾಗಿ "ಎಕ್ಮೋ ಇದ್ಯಾ?" ಅನ್ನೋದಕ್ಕಿಂತ ಮೊದಲು ಕೇಳ್ಬೇಕಾಗಿರೋದು "ಈ ಶ್ವಾಸಕೋಶ ಚೇತರಿಸ್ಕೊಳ್ಳೋ ಥರದ್ದಾ?" ಅಂತ.

ನೂರಕ್ಕೆ ಎಷ್ಟು ಜನ ಉಳೀತಾರೆ?

ಶ್ವಾಸಕೋಶದ ಸಮಸ್ಯೆಗೆ ಎಕ್ಮೋ ಹಾಕಿಸ್ಕೊಂಡ ದೊಡ್ಡವರಲ್ಲಿ ನೂರಕ್ಕೆ 55-60 ಜನ ಆಸ್ಪತ್ರೆಯಿಂದ ಜೀವಂತವಾಗಿ ಹೊರಗೆ ಬರ್ತಾರೆ, ಜಗತ್ತಿನ ಬೇರೆ ಬೇರೆ ಸೆಂಟರ್‌ಗಳ ದೊಡ್ಡ ಲೆಕ್ಕ ಇದು. ಇದರ ಅರ್ಥ ನಿಮ್ಮ ಪೇಷೆಂಟ್‌ಗೆ 60 ಪರ್ಸೆಂಟ್ ಚಾನ್ಸ್ ಅಂತ ಅಲ್ಲ, ಯಾಕಂದ್ರೆ ಆ ನೂರು ಜನರಲ್ಲಿ ಕೆಲವರಿಗೆ 90 ಇರುತ್ತೆ, ಕೆಲವರಿಗೆ 20 ಕೂಡ ಇರಲ್ಲ.

ಇನ್ನೊಂದು ನೆನಪಿಡಿ, ಇದು ಮುಂಚೆ ಹೀಗಿರಲಿಲ್ಲ. 1971ರಲ್ಲಿ ಅಮೆರಿಕಾದಲ್ಲಿ ಬೈಕ್ ಆಕ್ಸಿಡೆಂಟ್ ಆದ 24 ವರ್ಷದ ಹುಡುಗನನ್ನ ಡಾ. ಡೊನಾಲ್ಡ್ ಹಿಲ್ ತಂಡ 75 ಗಂಟೆ ಕೃತಕ ಶ್ವಾಸಕೋಶದ ಮೇಲಿಟ್ಟು ಉಳಿಸ್ತು, ದೊಡ್ಡವರಲ್ಲಿ ಅದೇ ಮೊದಲ ಗೆಲುವು. 1975ರಲ್ಲಿ ಡಾ. ರಾಬರ್ಟ್ ಬಾರ್ಟ್ಲೆಟ್ ಒಂದು ಹಸುಗೂಸನ್ನ ಉಳಿಸಿದ್ರು. ಎಲ್ಲರಿಗೂ ಭರವಸೆ ಬಂತು, ಆದ್ರೆ 1979ರಲ್ಲಿ ಅಲ್ಲೇ 90 ರೋಗಿಗಳ ಮೇಲೆ ಮಾಡಿದ ದೊಡ್ಡ ಪರೀಕ್ಷೆ ಹೊರಗೆ ಬಂದಾಗ ಎಕ್ಮೋ ಹಾಕಿದವರಲ್ಲೂ ಹಾಕದವರಲ್ಲೂ ಹತ್ತಕ್ಕೆ ಒಬ್ರು ಕೂಡ ಉಳಿದಿರಲಿಲ್ಲ. ದೊಡ್ಡವರ ವಿಷಯದಲ್ಲಿ ಸುಮಾರು ಮೂವತ್ತು ವರ್ಷ ಹೆಚ್ಚಿನ ಕಡೆ ಇದನ್ನ ಮೂಲೆಗೆ ಹಾಕಿಬಿಟ್ರು. ಮತ್ತೆ ಜೀವ ಬಂದಿದ್ದು 2009ರಲ್ಲಿ, ಎಚ್1ಎನ್1 ಬಂದ ವರ್ಷ. ಅಷ್ಟು ಹೊತ್ತಿಗೆ ಪಂಪು, ಪೈಪು ಮಾತ್ರ ಅಲ್ಲ, ವೆಂಟಿಲೇಟರ್ ಹೇಗೆ ನಡೆಸ್ಬೇಕು ಅನ್ನೋದೇ ಬದಲಾಗಿತ್ತು.

ಯಾವುದರ ಮೇಲೆ ಜಾಸ್ತಿ ಡಿಪೆಂಡ್ ಆಗುತ್ತೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು, ಶ್ವಾಸಕೋಶ ಯಾಕೆ ಕೆಡ್ತು ಅನ್ನೋದು. ಮಷೀನ್, ವಯಸ್ಸು, ದುಡ್ಡು ಎಲ್ಲ ಆಮೇಲೆ.

ತುಂಬಾ ಚೆನ್ನಾಗಿ ಗುಣ ಆಗೋದು ಆಸ್ತಮಾ. ವೆಂಟಿಲೇಟರ್‌ಗೂ ಬಗ್ಗದ ಭಯಂಕರ ಆಸ್ತಮಾ ಅಟ್ಯಾಕ್‌ನಲ್ಲಿ ಶ್ವಾಸಕೋಶ ಹಾಳಾಗಿರಲ್ಲ, ದಾರಿ ಮುಚ್ಕೊಂಡಿರುತ್ತೆ, ಕೆಲವು ದಿನ ಸಂಭಾಳಿಸಿದ್ರೆ ತೆರ್ಕೊಳ್ಳುತ್ತೆ. ವಾಂತಿ ಶ್ವಾಸಕೋಶಕ್ಕೆ ಹೋಗಿ ಕೆಟ್ಟಿರೋದು, ವೈರಲ್ ನ್ಯುಮೋನಿಯಾ, ಬ್ಯಾಕ್ಟೀರಿಯಾ ನ್ಯುಮೋನಿಯಾ, ಆಕ್ಸಿಡೆಂಟಲ್ಲಿ ಎದೆಗೆ ಪೆಟ್ಟು, ಇವೂ ಒಳ್ಳೇ ಗುಂಪಿಗೇ ಸೇರ್ತವೆ.

ನಮ್ಮ ಕಡೆ ನೋಡೋದು ಇನ್ನೂ ಕೆಲವು ಇವೆ. ಕರಾವಳಿ, ಮಲೆನಾಡಲ್ಲಿ ಮಳೆಗಾಲ ಆದ್ಮೇಲೆ ಬರೋ ಇಲಿ ಜ್ವರ ಕೆಲವರಿಗೆ ಶ್ವಾಸಕೋಶದ ಒಳಗೇ ರಕ್ತಸ್ರಾವ ಮಾಡಿಸುತ್ತೆ, ನೋಡೋಕೆ ಭಯ ಆಗುತ್ತೆ, ಆದ್ರೆ ಆ ಕೆಲವು ದಿನ ದಾಟಿಸಿದ್ರೆ ಪೂರ್ತಿ ಗುಣ ಆಗೋ ಸಾಧ್ಯತೆ ಇದೆ. ಸ್ಕ್ರಬ್ ಟೈಫಸ್ ಕೂಡ ಹಂಗೇ, ಸಣ್ಣ ಹುಳ ಕಚ್ಚಿ ಬರೋದು, ಡಾಕ್ಸಿಸೈಕ್ಲಿನ್ ಅನ್ನೋ ಅಗ್ಗದ ಮಾತ್ರೆಗೇ ಬಗ್ಗೋ ಕಾಯಿಲೆ, ಕಂಕುಳಲ್ಲೋ ತೊಡೆ ಸಂದಿಯಲ್ಲೋ ಇರೋ ಕಪ್ಪು ಹಕ್ಕಳೆಯನ್ನ ಯಾರೂ ನೋಡದೇ ಇದ್ರೆ ಕೇಸ್ ಎಕ್ಮೋ ತನಕ ಹೋಗುತ್ತೆ. ಅದಕ್ಕೇ ಹೇಳೋದು, ಹೊಲ, ಗದ್ದೆ, ತೋಟದ ಕೆಲಸ ಮಾಡೋರಾ, ಎಲ್ಲಿಗೆ ಹೋಗಿ ಬಂದಿದ್ರು, ಮನೇಲಿ ಇನ್ಯಾರಿಗಾದ್ರೂ ಜ್ವರ ಇತ್ತಾ, ಇವನ್ನ ಡಾಕ್ಟ್ರು ಕೇಳದೇ ಇದ್ರೂ ನೀವೇ ಹೇಳಿ.

ಇನ್ನೊಂದು ತುದೀಲಿ ಕಳೆ ಔಷಧಿ, ಪ್ಯಾರಾಕ್ವಾಟ್ ಅನ್ನೋದು. ಇದು ಹೊಟ್ಟೆಗೆ ಹೋದ್ರೆ ಮೊದಮೊದಲು ಪೇಷೆಂಟ್ ಚೆನ್ನಾಗೇ ಮಾತಾಡ್ತಿರ್ತಾರೆ, ಆಮೇಲೆ ದಿನದಿಂದ ದಿನಕ್ಕೆ ಶ್ವಾಸಕೋಶ ನಾರುಗಟ್ತಾ ಹೋಗುತ್ತೆ, ಆಕ್ಸಿಜನ್ ಕೊಟ್ರೆ ಹಾನಿ ಇನ್ನೂ ಜಾಸ್ತಿ. ಆ ನಾರು ವಾಪಸ್ ಕರಗಲ್ಲ, ಎಕ್ಮೋ ಹಾಕಿ ಕಾಯ್ತಾ ಕೂತ್ರೂ ಬಹಳಷ್ಟು ಸಲ ಕಾಯೋಕೆ ಏನೂ ಉಳಿದಿರಲ್ಲ. ಮುಂಚಿನಿಂದಲೇ ಶ್ವಾಸಕೋಶ ನಾರುಗಟ್ಟಿರೋ ಕಾಯಿಲೆ ಇದ್ದವರದ್ದೂ ಇದೇ ಕಥೆ, ಅವರಿಗೆ ಟ್ರಾನ್ಸ್‌ಪ್ಲಾಂಟ್ ಪ್ಲಾನ್ ಇಲ್ಲದೆ ಎಕ್ಮೋ ಹಾಕೋದು ನನಗಂತೂ ಸರಿ ಅನ್ಸಲ್ಲ. ಕ್ಯಾನ್ಸರ್ ಟ್ರೀಟ್‌ಮೆಂಟ್‌ನಿಂದಲೋ ಬೇರೆ ಕಾರಣಕ್ಕೋ ರೋಗನಿರೋಧಕ ಶಕ್ತಿ ಪೂರ್ತಿ ಕುಸಿದವರಲ್ಲೂ ಫಲಿತಾಂಶ ಕಮ್ಮಿ. 2018ರಲ್ಲಿ ಬಂದ ಒಂದು ಸ್ಟಡೀಲಿ ಅಂಥ 203 ಜನರಲ್ಲಿ ಆರು ತಿಂಗಳಿಗೆ ಉಳಿದಿದ್ದು ನೂರಕ್ಕೆ 30.

ಇನ್ನೊಂದೆರಡು ದಿನ ವೆಂಟಿಲೇಟರ್‌ನಲ್ಲೇ ನೋಡೋಣ, ಆಗ್ಲಿಲ್ಲ ಅಂದ್ರೆ ಎಕ್ಮೋ ಹಾಕಿಸೋಣ ಅಂದ್ರೆ ತಪ್ಪಾ?

ಹೆಚ್ಚಿನವರು ಎಡವೋದೇ ಇಲ್ಲಿ, ಮನೆಯವರೂ, ಕೆಲವು ಸಲ ಆಸ್ಪತ್ರೆಯವರೂ. ಎಕ್ಮೋ ಕೊನೇ ಅಸ್ತ್ರ ಅಂತ ಎಲ್ಲರ ತಲೇಲೂ ಕೂತಿದೆ, ಕೊನೇ ಅಸ್ತ್ರ ಅಂದ್ರೆ ಕೊನೇಲೇ ಬಿಡ್ಬೇಕು ಅಂತ ಅನ್ಕೊಳ್ತಾರೆ. ಆದ್ರೆ ಜೋರು ಒತ್ತಡ, 100 ಪರ್ಸೆಂಟ್ ಆಕ್ಸಿಜನ್ ಇಟ್ಕೊಂಡು ವೆಂಟಿಲೇಟರ್ ಮೇಲೆ ಕಳೆಯೋ ಒಂದೊಂದು ದಿನಾನೂ ಶ್ವಾಸಕೋಶಕ್ಕೆ ಹೊಸ ಗಾಯ. ವೆಂಟಿಲೇಟರ್‌ಗೆ ಹಾಕಿ ಎರಡು ದಿನದ ಒಳಗೆ ಎಕ್ಮೋ ಶುರು ಮಾಡಿದವರು ಚೆನ್ನಾಗಿ ಉಳೀತಾರೆ, ಏಳು ದಿನದ ಒಳಗಾದ್ರೂ ಪರವಾಗಿಲ್ಲ, ಏಳು ದಿನ ದಾಟಿದ್ರೆ ಚಾನ್ಸ್ ಇಳೀತಾ ಹೋಗುತ್ತೆ, ಬಹಳ ಸೆಂಟರ್‌ನವರು ಆಮೇಲೆ ತಗೊಳ್ಳೋಕೇ ಯೋಚಿಸ್ತಾರೆ.

2018ರಲ್ಲಿ ಫ್ರಾನ್ಸ್‌ನವರು ಮುಂದೆ ನಿಂತು ನಡೆಸಿದ ಈಯೋಲಿಯಾ ಅನ್ನೋ ಪರೀಕ್ಷೆಯಲ್ಲಿ 249 ರೋಗಿಗಳಿದ್ರು. ಬೇಗ ಎಕ್ಮೋ ಹಾಕಿದ ಗುಂಪಲ್ಲಿ 60 ದಿನಕ್ಕೆ ನೂರಕ್ಕೆ 35 ಜನ ತೀರ್ಕೊಂಡ್ರು, ವೆಂಟಿಲೇಟರ್ ಗುಂಪಲ್ಲಿ 46. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಲ್ಲಿ ಈ ವ್ಯತ್ಯಾಸ ಸಾಬೀತು ಆಗ್ಲಿಲ್ಲ ಅಂತ ವಾದ ಇದೆ, ಅದು ನಿಜಾನೂ ಹೌದು. ಆದ್ರೆ ಒಳಗಿನ ಒಂದು ವಿಷಯ ನೋಡಿ: ವೆಂಟಿಲೇಟರ್ ಗುಂಪಲ್ಲಿ 35 ಜನರ ಸ್ಥಿತಿ ಪೂರ್ತಿ ಕೈಮೀರಿದ್ಮೇಲೆ ಅವರಿಗೂ ಎಕ್ಮೋ ಹಾಕಿದ್ರು, ಅವರಲ್ಲಿ ನೂರಕ್ಕೆ 57ರಷ್ಟು ಜನ ಉಳೀಲಿಲ್ಲ. ಹಾಕಿದ್ದು ಎಕ್ಮೋನೇ, ಲೇಟಾಗಿ ಹಾಕಿದ್ದು.

ಹಂಗಂತ ಅವಸರಾನೂ ಬೇಡ. ಮೊದಲು ಬೋರಲು ಮಲಗಿಸಿ ನೋಡಿದ್ದಾರಾ ಅಂತ ಕೇಳಿ. ದಿನಕ್ಕೆ 16 ಗಂಟೆ ಬೋರಲು ಮಲಗಿಸೋದ್ರಿಂದ ಜೋರು ಕಾಯಿಲೆಯವರಲ್ಲಿ 28 ದಿನದ ಸಾವು ನೂರಕ್ಕೆ 33ರಿಂದ 16ಕ್ಕೆ ಇಳೀತು ಅಂತ 2013ರ ಸ್ಟಡಿ ತೋರಿಸಿದೆ. ಇದಕ್ಕೆ ಮಷೀನ್ ಬೇಕಿಲ್ಲ, ನಾಲ್ಕೈದು ಜನರ ಕೈ ಬೇಕು. ಬೋರಲು ಮಲಗಿಸದೇ ನೇರ ಎಕ್ಮೋ ಮಾತಾಡೋ ಕಡೆ "ಯಾಕೆ?" ಅಂತ ಕೇಳೋದ್ರಲ್ಲಿ ಏನೂ ತಪ್ಪಿಲ್ಲ.

ವಯಸ್ಸು ಎಷ್ಟಾದ್ರೆ ಬೇಡ?

ಗೆರೆ ಎಳೆದ ಹಾಗೆ ಇಲ್ಲ. 50 ದಾಟಿದ್ಮೇಲೆ ಚಾನ್ಸ್ ಇಳಿಯೋಕೆ ಶುರು, 60 ದಾಟಿದ್ರೆ ಇನ್ನೂ ಇಳಿಯುತ್ತೆ. ವಯಸ್ಸಿಗಿಂತ ಆಸ್ಪತ್ರೆಗೆ ಬರೋ ಮುಂಚೆ ಅವರು ಹೇಗಿದ್ರು ಅನ್ನೋದನ್ನೂ ನೋಡ್ತಾರೆ, ತಾನೇ ಮಾರ್ಕೆಟ್‌ಗೆ ಹೋಗಿ ಬರ್ತಿದ್ದ 62ರ ಮನುಷ್ಯ ಬೇರೆ, ವರ್ಷದಿಂದ ಹಾಸಿಗೆ ಹಿಡಿದಿರೋ 62 ಬೇರೆ.

ಎಸ್‌ಪಿಬಿ ಅವರಿಗೆ ಅಷ್ಟು ಒಳ್ಳೆ ಟ್ರೀಟ್‌ಮೆಂಟ್ ಕೊಟ್ರೂ ಯಾಕೆ ಉಳೀಲಿಲ್ಲ?

ಎಕ್ಮೋ ಅನ್ನೋ ಪದ ನಮ್ಮಲ್ಲಿ ಮನೆಮನೆಗೆ ಗೊತ್ತಾಗಿದ್ದೇ ಅವರಿಂದ, ಅದಕ್ಕೆ ಇವತ್ತಿಗೂ ಕೇಳ್ತಾರೆ. 2020ರ ಆಗಸ್ಟ್ 5ಕ್ಕೆ ಚೆನ್ನೈನ ಎಂಜಿಎಂ ಆಸ್ಪತ್ರೆಗೆ ಸೇರಿದ್ರು, ಆಮೇಲೆ ವೆಂಟಿಲೇಟರ್, ಎಕ್ಮೋ. ಸೆಪ್ಟೆಂಬರ್‌ನಲ್ಲಿ ಕೋವಿಡ್ ನೆಗೆಟಿವ್ ಬಂತು ಅಂದಾಗ ಇಡೀ ದಕ್ಷಿಣ ಭಾರತವೇ ಖುಷಿಪಟ್ಟಿತ್ತು, ಸೆಪ್ಟೆಂಬರ್ 25ಕ್ಕೆ ಹೋಗೇಬಿಟ್ರು. ಒಳಗಿನ ವಿವರ ಅವರನ್ನ ನೋಡ್ಕೊಂಡ ಡಾಕ್ಟ್ರಿಗೇ ಗೊತ್ತು, ನಾವು ಊಹೆ ಮಾಡೋದು ಬೇಡ. ಎರಡು ಮಾತು ಮಾತ್ರ ಹೇಳಬಹುದು. ಅವರಿಗೆ 74 ವರ್ಷ. ಮತ್ತೆ ಟೆಸ್ಟ್ ನೆಗೆಟಿವ್ ಆಗೋದು ಅಂದ್ರೆ ವೈರಸ್ ಹೋಯ್ತು ಅಂತ, ಅದು ಮಾಡಿಟ್ಟ ಹಾನಿ ಹೋಯ್ತು ಅಂತ ಅಲ್ಲ.

ಕೋವಿಡ್‌ನಲ್ಲಿ ಇನ್ನೊಂದು ವಿಚಿತ್ರಾನೂ ಆಯ್ತು. ಸಾಮಾನ್ಯವಾಗಿ ದಿನ ಕಳೆದ ಹಾಗೆ ಅನುಭವ ಬಂದು ಫಲಿತಾಂಶ ಸುಧಾರಿಸ್ಬೇಕು, ಇಲ್ಲಿ ಉಲ್ಟಾ. 2020ರ ಮೊದಲ ಕೆಲವು ತಿಂಗಳ 1,035 ರೋಗಿಗಳ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಸಾವು ನೂರಕ್ಕೆ 37ರ ಆಸುಪಾಸು ಇತ್ತು, ಆಮೇಲಿನ ತಿಂಗಳುಗಳಲ್ಲಿ ಅದು 50 ದಾಟ್ತು. ಕಾರಣ ಒಂದೇ ಅಲ್ಲ. ಆಮೇಲಾಮೇಲೆ ಸ್ಟೆರಾಯ್ಡ್‌ಗೂ ಬಗ್ಗದೆ ಎಕ್ಮೋ ತನಕ ಬಂದವರು ಮೊದಲೇ ಕಷ್ಟದ ಕೇಸ್‌ಗಳು, ಹೊಸದಾಗಿ ಎಕ್ಮೋ ಶುರು ಮಾಡಿದ ಆಸ್ಪತ್ರೆಗಳೂ ಸೇರ್ಕೊಂಡ್ವು.

ಮೊದಲೇ ಲೆಕ್ಕ ಹಾಕಿ ಹೇಳೋಕೆ ಆಗುತ್ತಾ?

ರೆಸ್ಪ್ ಸ್ಕೋರ್ ಅಂತ ಒಂದಿದೆ, 2014ರಲ್ಲಿ 2,355 ರೋಗಿಗಳ ಮಾಹಿತಿ ಇಟ್ಕೊಂಡು ಮಾಡಿದ್ದು. ವಯಸ್ಸು, ಕಾಯಿಲೆ, ವೆಂಟಿಲೇಟರ್ ಮೇಲೆ ಎಷ್ಟು ದಿನ ಆಯ್ತು, ಮೆದುಳಿಗೆ ಏಟಾಗಿದ್ಯಾ, ಹಾರ್ಟ್ ಒಂದ್ಸಲ ನಿಂತಿತ್ತಾ, ಬೇರೆ ಕಡೆ ಇನ್ಫೆಕ್ಷನ್ ಇದ್ಯಾ, ಹೀಗೆ 12 ವಿಷಯಕ್ಕೆ ಮಾರ್ಕ್ಸ್. ಆಸ್ತಮಾಗೆ ಪ್ಲಸ್ 11, ಮೆದುಳಿಗೆ ತೊಂದರೆ ಆಗಿದ್ರೆ ಮೈನಸ್ 7, ಇವೆರಡೇ ಜಾಸ್ತಿ ತೂಕದವು. ಒಟ್ಟು 6 ಅಥವಾ ಮೇಲೆ ಬಂದವರಲ್ಲಿ ನೂರಕ್ಕೆ 92 ಜನ ಉಳಿದಿದ್ರು, ಮೈನಸ್ 6 ಅಥವಾ ಕೆಳಗೆ ಬಂದವರಲ್ಲಿ 18. ಡಾಕ್ಟ್ರನ್ನ "ಸ್ಕೋರ್ ಎಷ್ಟು ಬಂತು ಸಾರ್?" ಅಂತ ಕೇಳಬಹುದು, ಆದ್ರೆ ಅದನ್ನ ಜಾತಕದ ಥರ ಹಿಡ್ಕೋಬೇಡಿ, ಅದು ಗುಂಪಿನ ಲೆಕ್ಕ.

ದಪ್ಪ ಇದ್ದಾರೆ, ಶುಗರ್ ಇದೆ. ಪರವಾಗಿಲ್ವಾ?

ದಪ್ಪ ಇದ್ರೆ ಪೈಪ್ ಹಾಕೋದು, ಮಗ್ಗುಲು ತಿರುಗಿಸೋದು ಕಷ್ಟ, ಆದ್ರೆ ಅದೊಂದೇ ಕಾರಣಕ್ಕೆ ಉಳಿಯೋದು ಕಮ್ಮಿ ಅಂತ ಏನಿಲ್ಲ. ಶುಗರ್ ಇದೆ ಅನ್ನೋದೊಂದಕ್ಕೇ ಬೇಡ ಅನ್ನಲ್ಲ, ಅದರಿಂದ ಕಿಡ್ನಿ, ಹಾರ್ಟ್ ಎಷ್ಟು ಹಾಳಾಗಿದೆ ಅಂತ ನೋಡ್ತಾರೆ.

ಗರ್ಭಿಣಿಗೆ ಹಾಕಬಹುದಾ?

ಹಾಕಬಹುದು, ಹಾಕಿದ್ದಾರೆ, ವಯಸ್ಸು ಚಿಕ್ಕದಿರೋದ್ರಿಂದ ಫಲಿತಾಂಶ ಚೆನ್ನಾಗೇ ಇದೆ.

ನಾವಿರೋ ಆಸ್ಪತ್ರೇಲಿ ಎಕ್ಮೋ ಇದೆ ಅಂತಾರೆ, ಅಲ್ಲೇ ಹಾಕಿಸೋಣ್ವಾ, ಬೆಂಗಳೂರಿಗೆ ಶಿಫ್ಟ್ ಮಾಡೋಣ್ವಾ?

ಮಷೀನ್ ಇರೋದು ಬೇರೆ, ಮಷೀನ್ ದಿನಾ ಓಡಿಸಿ ಪಳಗಿರೋದು ಬೇರೆ. ವರ್ಷಕ್ಕೆ ದೊಡ್ಡವರ 30ಕ್ಕಿಂತ ಜಾಸ್ತಿ ಎಕ್ಮೋ ಮಾಡೋ ಕಡೆ ಸಾವು ಕಮ್ಮಿ, 6ಕ್ಕಿಂತ ಕಮ್ಮಿ ಮಾಡೋ ಕಡೆ ಜಾಸ್ತಿ, 2015ರ ಒಂದು ದೊಡ್ಡ ಲೆಕ್ಕ ಇದನ್ನ ಸ್ಪಷ್ಟವಾಗಿ ತೋರಿಸಿದೆ. ರಾತ್ರಿ ಎರಡು ಗಂಟೆಗೆ ಪಂಪ್ ಒದ್ದಾಡಿದ್ರೆ ಪಕ್ಕದಲ್ಲಿ ನಿಂತಿರೋ ನರ್ಸ್‌ಗೆ ಏನು ಮಾಡ್ಬೇಕು ಅಂತ ಗೊತ್ತಿರ್ಬೇಕು, ಡಾಕ್ಟ್ರು ಮನೆಯಿಂದ ಬರೋ ತನಕ ಕಾಯೋಕಾಗಲ್ಲ. ಹಾಗಾಗಿ ನೇರವಾಗಿ ಕೇಳಿ: ಹೋದ ವರ್ಷ ಎಷ್ಟು ಮಾಡಿದ್ರಿ, ಎಷ್ಟು ಜನ ಮನೆಗೆ ಹೋದ್ರು, ರಾತ್ರಿ ಹೊತ್ತು ಪರ್ಫ್ಯೂಷನಿಸ್ಟ್ (ಎಕ್ಮೋ ಮಷೀನ್ ನೋಡ್ಕೊಳ್ಳೋ ತಂತ್ರಜ್ಞರು) ಇಲ್ಲೇ ಇರ್ತಾರಾ. ಇದಕ್ಕೆ ಸಿಟ್ಟು ಮಾಡ್ಕೊಳ್ಳೋರು ಸಿಕ್ರೆ ಅದೂ ಒಂದು ಉತ್ತರಾನೇ.

ಇಂಗ್ಲೆಂಡಿನ ಸೀಸರ್ ಪರೀಕ್ಷೆ, 2009ರದ್ದು, ಈ ವಿಷಯಕ್ಕೆ ತುಂಬಾ ಚೆನ್ನಾಗಿ ಹೊಂದುತ್ತೆ. ಅಲ್ಲಿ ಎಕ್ಮೋಗೆ ಅಂತ ಲೆಸ್ಟರ್‌ನ ಒಂದೇ ಪಳಗಿದ ಸೆಂಟರ್‌ಗೆ ಕಳಿಸಿದ ಗುಂಪಲ್ಲಿ ಆರು ತಿಂಗಳಿಗೆ ನೂರಕ್ಕೆ 63 ಜನ ದೊಡ್ಡ ಅಂಗವೈಕಲ್ಯ ಇಲ್ಲದೆ ಬದುಕಿದ್ರು, ಮೊದಲಿದ್ದ ಆಸ್ಪತ್ರೆಗಳಲ್ಲೇ ಉಳಿದವರಲ್ಲಿ 47. ಆದ್ರೆ ಕಳಿಸಿದ 90 ಜನರಲ್ಲಿ ಮಷೀನ್ ಹಾಕಿದ್ದು 68 ಜನಕ್ಕೆ ಮಾತ್ರ! ಉಳಿದವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದ್ಮೇಲೆ ವೆಂಟಿಲೇಟರ್‌ನಲ್ಲೇ ಸುಧಾರಿಸ್ಕೊಂಡ್ರು. ಅಂದ್ರೆ ಅರ್ಧ ಕೆಲಸ ಮಾಡಿದ್ದು ಆ ಟೀಮು.

ಶಿಫ್ಟ್ ಮಾಡೋದಾದ್ರೆ ಸ್ಯಾಚುರೇಷನ್ ಪೂರ್ತಿ ಬಿದ್ಮೇಲೆ ಅಲ್ಲ, ಬೀಳೋ ಸೂಚನೆ ಇದ್ದಾಗಲೇ. ಕೆಲವು ಸೆಂಟರ್‌ನವರು ತಾವೇ ಬಂದು, ಇಲ್ಲೇ ಪೈಪ್ ಹಾಕಿ, ಎಕ್ಮೋ ಮೇಲೇ ಆಂಬುಲೆನ್ಸ್‌ನಲ್ಲಿ ಕರ್ಕೊಂಡು ಹೋಗ್ತಾರೆ, ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರು ದಾರಿ ಹಿಡಿಯೋರು ಫೋನಲ್ಲೇ ಇದನ್ನ ಕೇಳಿ.

ಎಕ್ಮೋ ಮೇಲಿದ್ದಾಗ ಏನು ಅಪಾಯ ಆಗುತ್ತೆ?

ಮೊದಲನೇದು ರಕ್ತಸ್ರಾವ. ಪೈಪಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಹೆಪಾರಿನ್ ಕೊಡ್ತಾರೆ, ಪಂಪಿನ ಸುತ್ತಾಟಕ್ಕೆ ಪ್ಲೇಟ್‌ಲೆಟ್ಟೂ ಸವೆಯುತ್ತೆ, ಹಾಗಾಗಿ ಮೂಗು, ಗಂಟಲು, ಹೊಟ್ಟೆ, ಪೈಪ್ ಹಾಕಿದ ಜಾಗ ಎಲ್ಲಿಂದ ಬೇಕಾದ್ರೂ ರಕ್ತ ಬರಬಹುದು. ಮೆದುಳಲ್ಲಿ ಆದ್ರೆ ಅದು ಅತಿ ಕೆಟ್ಟದ್ದು. ಇದಕ್ಕೆ ಶುರುವಿನ ಗಂಟೆಗಳೂ ಮುಖ್ಯ, ಏರಿ ಕೂತಿರೋ ಕಾರ್ಬನ್ ಡೈಆಕ್ಸೈಡನ್ನ ಮಷೀನ್ ಸಿಕ್ತು ಅಂತ ಒಂದೇ ಏಟಿಗೆ ಇಳಿಸಿದವರಲ್ಲಿ ಮೆದುಳಿನ ತೊಂದರೆ ಜಾಸ್ತಿ ಕಾಣಿಸುತ್ತೆ, ಅನುಭವಸ್ಥರು ನಿಧಾನಕ್ಕೆ ಇಳಿಸ್ತಾರೆ.

ಎರಡನೇದು ಇನ್ಫೆಕ್ಷನ್. ಮೈ ತುಂಬ ಪೈಪು, ದಿನಗಟ್ಟಲೆ ಐಸಿಯು, ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಕ್ರಿಮಿಗಳು ನಮ್ಮ ಐಸಿಯುಗಳಲ್ಲಿ ಕಮ್ಮಿ ಏನಿಲ್ಲ. ಒಳಗೆ ಬಿಡಲ್ಲ ಅಂತ ಸೆಕ್ಯುರಿಟಿಯವರ ಜೊತೆ ಜಗಳ ಆಡೋರು ಇದನ್ನೂ ನೆನಪಿಡಿ.

ಕಿಡ್ನಿ ಕೈಕೊಟ್ರೆ ಡಯಾಲಿಸಿಸ್ ಅದೇ ಸರ್ಕ್ಯೂಟ್‌ಗೇ ಸೇರಿಸಬಹುದು, ಆದ್ರೆ ಕಿಡ್ನಿ, ಲಿವರ್ ಅಂತ ಒಂದೊಂದೇ ಅಂಗ ಸೇರ್ಕೊಂಡ ಹಾಗೆ ಉಳಿಯೋ ಸಾಧ್ಯತೆ ಕುಸಿಯುತ್ತೆ. ಮೈಯಲ್ಲಿ ನೀರು ನಿಲ್ಲೋದೂ ಅಷ್ಟೇ ಕೆಟ್ಟದ್ದು. ಮುಖ ಕೈ ಊದ್ಕೊಂಡಿದೆ ಅಂತ ನೀವು ಹೇಳ್ತೀರಲ್ಲ, ಮೂರನೇ ದಿನಕ್ಕೂ ನೀರು ಹೊರಗೆ ಹೋಗದೇ ಇರೋರಲ್ಲಿ ಸಾವು ಜಾಸ್ತಿ ಅಂತ ಸ್ಟಡಿಗಳೂ ಹೇಳಿವೆ.

ಎಕ್ಮೋ ಹಾಕಿದ್ಮೇಲೂ ಸ್ಯಾಚುರೇಷನ್ 85 ತೋರಿಸ್ತಿದೆ, ಡಾಕ್ಟ್ರು ಸುಮ್ನಿದ್ದಾರೆ!

ವಿವಿ ಎಕ್ಮೋದಲ್ಲಿ 80ರ ಮೇಲ್ಭಾಗದ ಸಂಖ್ಯೆ ನಡೆಯುತ್ತೆ. ಅದನ್ನ 98 ಮಾಡೋಕೆ ಅಂತ ಮತ್ತೆ ವೆಂಟಿಲೇಟರ್ ಜೋರು ಮಾಡಿದ್ರೆ ಎಕ್ಮೋ ಹಾಕಿದ ಉದ್ದೇಶವೇ ಹಾಳು, ಶ್ವಾಸಕೋಶಕ್ಕೆ ರೆಸ್ಟ್ ಕೊಡೋದೇ ಇಲ್ಲಿ ಚಿಕಿತ್ಸೆ. ಮಾನಿಟರ್ ಬಿಟ್ಟು ಬೇರೆ ಕೇಳಿ: ಯೂರಿನ್ ಬರ್ತಿದ್ಯಾ, ಬಿಪಿ ಬೀಳದ ಹಾಗೆ ಕೊಡೋ ಔಷಧಿ ಕಮ್ಮಿ ಆಗ್ತಿದ್ಯಾ, ಕರೆದ್ರೆ ಕಣ್ಣು ಬಿಡ್ತಾರಾ, ಇವತ್ತಿನ ಎಕ್ಸ್‌ರೇ ನಿನ್ನೆಗಿಂತ ಹೇಗಿದೆ.

ಎಷ್ಟು ದಿನ ಇಡ್ತಾರೆ?

ಒಂದರಿಂದ ಎರಡು ವಾರ ಸಾಮಾನ್ಯ. ಕೋವಿಡ್‌ನಲ್ಲಿ ತಿಂಗಳು ದಾಟಿದ್ದು ಬೇಕಾದಷ್ಟಿವೆ, 100 ದಿನ ದಾಟಿ ಎದ್ದು ಮನೆಗೆ ಹೋದವರೂ ಇದ್ದಾರೆ. ಹಾಗಾಗಿ ದಿನ ಜಾಸ್ತಿ ಆಯ್ತು ಅನ್ನೋದೊಂದೇ ಕೈಬಿಡೋಕೆ ಕಾರಣ ಅಲ್ಲ. ದಿನ ಜಾಸ್ತಿ ಆಗ್ತಾ ಹೊಸ ಹೊಸ ತೊಂದರೆ ಸೇರ್ತಿದ್ಯಾ ಅನ್ನೋದು ನೋಡ್ಬೇಕು. ಮಧ್ಯದಲ್ಲಿ ಆ ಕೃತಕ ಶ್ವಾಸಕೋಶದ ಡಬ್ಬೀನ ಬದಲಾಯಿಸ್ಬೇಕಾಗಿ ಬರುತ್ತೆ, ಒಳಗೆ ಹೆಪ್ಪು ಕಟ್ಟಿರುತ್ತೆ, ಅದಕ್ಕೆ ಗಾಬರಿ ಬೇಡ.

ಖರ್ಚು?

ಲಕ್ಷದ ಲೆಕ್ಕ, ಒಂದು ವಾರಕ್ಕೇ ಹತ್ತು ಲಕ್ಷ ದಾಟೋದು ಪ್ರೈವೇಟ್‌ನಲ್ಲಿ ಮಾಮೂಲು. ಇದನ್ನ ಇಲ್ಲಿ ಯಾಕೆ ಹೇಳ್ತಿದೀನಿ ಅಂದ್ರೆ ದುಡ್ಡೂ ಉಳಿಯೋದನ್ನ ತೀರ್ಮಾನ ಮಾಡುತ್ತೆ, ಇಂಗ್ಲಿಷ್ ಪೇಪರ್‌ಗಳಲ್ಲಿ ಬರೆಯದೇ ಇರೋ ಕಾರಣ ಇದು. ಹೊಲ ಮಾರಿ ಐದು ದಿನಕ್ಕಾಗೋಷ್ಟು ತಂದು, ಆರನೇ ದಿನ ನಿಲ್ಲಿಸಿ ಅನ್ನೋದಕ್ಕಿಂತ ಮೊದಲೇ ಕೂತು "ಎರಡು ವಾರ ಹಿಡಿದ್ರೆ ಒಟ್ಟು ಎಷ್ಟಾಗುತ್ತೆ" ಅಂತ ಬರೆಸ್ಕೊಳ್ಳಿ, ಇನ್ಶೂರೆನ್ಸ್‌ನವರು ಎಲ್ಲಿ ತನಕ ಕೊಡ್ತಾರೆ ಅಂತ ಕೇಳ್ಕೊಳ್ಳಿ. ಗುಣ ಆಗೋ ಕಾಯಿಲೆ, ಚಿಕ್ಕ ವಯಸ್ಸು, ವೆಂಟಿಲೇಟರ್ ಹಾಕಿ ಎರಡೇ ದಿನ ಆಗಿದೆ ಅಂದ್ರೆ ಸಾಲ ಮಾಡಿದ್ರೂ ಅರ್ಥ ಇದೆ. ಚೇತರಿಸ್ಕೊಳ್ಳೋ ಸೂಚನೆ ಯಾವುದೂ ಇಲ್ಲದ ಕಡೆ ಬೇಡ ಅನ್ನೋದು ಪ್ರೀತಿ ಕಮ್ಮಿ ಅಂತ ಅಲ್ಲ, ಊರವರು ಏನಾದ್ರೂ ಅಂದ್ಕೊಳ್ಳಲಿ.

ಜೀವ ಹೋಗಿದ್ರೂ ದುಡ್ಡಿಗೋಸ್ಕರ ಮಷೀನ್ ಮೇಲೆ ಇಟ್ಟಿರ್ತಾರೆ ಅಂತಾರಲ್ಲ?

ವಿವಿ ಎಕ್ಮೋದಲ್ಲಿ ರಕ್ತ ಮೈಯೆಲ್ಲ ಓಡಿಸೋದು ಪೇಷೆಂಟ್‌ನ ಸ್ವಂತ ಹಾರ್ಟು, ಅದು ನಿಂತ್ರೆ ಈ ಮಷೀನ್‌ಗೆ ಏನೂ ಮಾಡೋಕಾಗಲ್ಲ. ಅನುಮಾನ ಹುಟ್ಟೋದು ಯಾರೂ ಕೂರಿಸಿ ಮಾತಾಡದೇ ಇದ್ದಾಗ. ದಿನಕ್ಕೊಂದು ಸಲ, ಒಂದೇ ಡಾಕ್ಟ್ರು, ಮನೆಯ ಒಬ್ರೇ ವ್ಯಕ್ತಿಗೆ ಹೇಳೋ ಹಾಗೆ ಮೊದಲ ದಿನವೇ ಮಾತಾಡ್ಕೊಳ್ಳಿ, ಹತ್ತು ಜನ ಹತ್ತು ಸಲ ಕೇಳಿದ್ರೆ ಹತ್ತು ಥರ ಕೇಳಿಸುತ್ತೆ.

ಯಾವಾಗ ತೆಗೀತಾರೆ, ಯಾವಾಗ ನಿಲ್ಲಿಸ್ತಾರೆ?

ತೆಗೆಯೋ ಮುಂಚೆ ಮಷೀನ್‌ಗೆ ಹೋಗೋ ಆಕ್ಸಿಜನ್ ಬಂದ್ ಮಾಡಿ ಕೆಲವು ಗಂಟೆ ನೋಡ್ತಾರೆ, ರಕ್ತ ಸುಮ್ನೆ ಸುತ್ತುತ್ತಿರುತ್ತೆ, ಉಸಿರಾಟ ಪೂರ್ತಿ ಶ್ವಾಸಕೋಶದ್ದೇ. ನಿಭಾಯಿಸಿದ್ರೆ ಪೈಪ್ ತೆಗೀತಾರೆ. ನಿಲ್ಲಿಸೋ ಮಾತು ಬರೋದು ಮೆದುಳಲ್ಲಿ ದೊಡ್ಡ ರಕ್ತಸ್ರಾವ ಆದಾಗ, ಒಂದಾದ ಮೇಲೊಂದು ಅಂಗ ಹೋದಾಗ, ಶ್ವಾಸಕೋಶ ಬರಲ್ಲ, ಟ್ರಾನ್ಸ್‌ಪ್ಲಾಂಟೂ ಆಗಲ್ಲ ಅಂತ ಖಚಿತ ಆದಾಗ. ಪೇಷೆಂಟ್ ಎಚ್ಚರವಾಗಿದ್ದು ಮಾತು ಕೇಳಿಸ್ಕೊಳ್ತಿರೋವಾಗ್ಲೇ ಈ ಮಾತು ಬರೋದುಂಟು, ಅದು ಎಲ್ಲರಿಗೂ ಕಷ್ಟ, ಡಾಕ್ಟ್ರಿಗೂ.

ಉಳಿದು ಬಂದವರು ಮುಂಚಿನ ಹಾಗೆ ಆಗ್ತಾರಾ?

ಬಹಳ ಜನ ಕೆಲಸಕ್ಕೆ ವಾಪಸ್ ಹೋಗ್ತಾರೆ, ಆದ್ರೆ ಡಿಸ್ಚಾರ್ಜ್ ಆದ ತಿಂಗಳಲ್ಲೇ ಅಲ್ಲ. ಸ್ನಾಯು ಕರಗಿ ಹೋಗಿರುತ್ತೆ, ಲೋಟ ಎತ್ತೋಕೂ ಕೈ ನಡುಗುತ್ತೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ರಾತ್ರಿ ಐಸಿಯು ಕನಸು ಬಿದ್ದು ಬೆಚ್ಚಿಬೀಳ್ತಾರೆ, ಸಿಟ್ಟು, ಮರೆವು. ಆರು ತಿಂಗಳಿಂದ ವರ್ಷ ಬೇಕು. ಎಕ್ಮೋ ಮೇಲಿದ್ದಾಗಲೇ ಎಚ್ಚರವಾಗಿಟ್ಟು ಕೂರಿಸಿ ಫಿಸಿಯೋ ಮಾಡಿಸೋ ಸೆಂಟರ್‌ಗಳಿವೆ, ಅಂಥ ಕಡೆ ಇದ್ದವರು ಬೇಗ ಓಡಾಡ್ತಾರೆ. ಮನೆಗೆ ಬಂದ್ಮೇಲೆ ಪಾಪ ಸುಸ್ತಾಗುತ್ತೆ ಅಂತ ಮಂಚದಲ್ಲೇ ಕೂರಿಸಿ ತಿನ್ನಿಸ್ಬೇಡಿ, ನಡೆಸಿ, ಬೀಡಿ ಸಿಗರೇಟು ಹತ್ರ ಬರೋಕೆ ಬಿಡಬೇಡಿ, ಫ್ಲೂ ಮತ್ತೆ ನ್ಯುಮೋನಿಯಾ ಲಸಿಕೆ ಯಾವಾಗ ಅಂತ ಫಾಲೋಅಪ್‌ಗೆ ಹೋದಾಗ ನೀವೇ ಕೇಳಿ.